ಮೂರು ‘ರೇನ್’, ಮೂರು ಅಳತೆ: ಮಳೆಮಾಪಕದ ಸಿ ಕೋಡ್‌ನಲ್ಲಿ ಫೀಲ್ಡ್ ಹೆಸರು ಬದಲಿಸಿದ ಬಗೆ

ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು, ಸೆಂಟ್ಸ್ ಲೆಕ್ಕದಲ್ಲೇ ಹೇಳುತ್ತಾರೆ. ನೂರು ಸೆಂಟ್ಸ್ ಸೇರಿದರೆ ಒಂದು ಇಂಚು. ಹವಾಮಾನ ಇಲಾಖೆಯ ಲೆಕ್ಕ ಮಿಲಿಮೀಟರಿನದು. ಒಂದು ಇಂಚು 25.4 ಮಿಲಿಮೀಟರ್ ಆದ್ದರಿಂದ ಒಂದು ಸೆಂಟ್ ಎಂದರೆ 0.254 ಮಿಲಿಮೀಟರ್. ತೋಟಗಳಿಗೆ ನಾವು ಮಾಡಿಕೊಡುವ ಮಳೆಮಾಪಕದೊಳಗೆ ಇವೆರಡರ ಜೊತೆ ಮೂರನೆಯ ಲೆಕ್ಕವೂ ಇದೆ: ಬಕೆಟ್ ಎಷ್ಟು ಸಲ ಮಗುಚಿತು ಎಂಬ ಎಣಿಕೆ. ಈ ಮೂರಕ್ಕೂ ಸಿ ಕೋಡ್‌ನಲ್ಲಿ ಇದ್ದದ್ದು ಒಂದೇ ಹೆಸರು, ‘ರೇನ್’. ಮೂರು ಸ್ಟ್ರಕ್ಟ್‌ಗಳಲ್ಲಿ (ಸಂಬಂಧಿತ ಮಾಹಿತಿಯನ್ನು ಒಟ್ಟಿಗೆ ಇಡುವ ಕಟ್ಟುಗಳಲ್ಲಿ; ಒಳಗಿನ ಒಂದೊಂದು ಅಂಶ ಒಂದು ಫೀಲ್ಡ್) ಇದ್ದ ಆ ಒಂದು ಹೆಸರನ್ನು ಮೂರು ಬೇರೆ ಹೆಸರುಗಳಾಗಿ ಬದಲಿಸಿದ್ದೇವೆ. ಕೈಯಿಂದ ಒಂದೊಂದೇ ಸಾಲು ತಿದ್ದದೆ, ಒಂದು ಸ್ಕ್ರಿಪ್ಟ್‌ನಿಂದಲೇ ಎಲ್ಲವನ್ನೂ ಮಾಡಿಸಿ, ಚಿಪ್‌ಗೆ ಹೋಗುವ ಯಂತ್ರಸಂಕೇತದಲ್ಲಿ ಒಂದು ಬಿಟ್ ಕೂಡ ಬದಲಾಗಿಲ್ಲ ಎಂದು ಖಚಿತಪಡಿಸಿಕೊಂಡ ಕೆಲಸದ ದಾಖಲೆ ಇದು.

ಮಾಪಕದ ರಚನೆ ಸರಳ. ಮೇಲೆ 200 ಮಿಲಿಮೀಟರ್ ವ್ಯಾಸದ ಆಲಿಕೆ. ಅದರ ಕೆಳಗೆ ನಡುವೆ ಗೋಡೆಯಿರುವ ಎರಡು ಕೋಣೆಯ ಪುಟ್ಟ ಬಕೆಟ್. ಒಂದು ಕೋಣೆ ತುಂಬಿದ ಕೂಡಲೇ ಬಕೆಟ್ ಆ ಕಡೆಗೆ ಮಗುಚಿ ನೀರು ಚೆಲ್ಲುತ್ತದೆ, ಇನ್ನೊಂದು ಕೋಣೆ ಆಲಿಕೆಯ ಕೆಳಗೆ ಬರುತ್ತದೆ. ಮಗುಚುವಾಗ ಬಕೆಟ್‌ಗೆ ಅಂಟಿಸಿದ ಅಯಸ್ಕಾಂತ ರೀಡ್ ಸ್ವಿಚ್ಚಿನ ಮುಂದೆ ಹಾದುಹೋಗುತ್ತದೆ, ಏವಿಆರ್ ಚಿಪ್ ಒಂದು ಟಿಪ್ ಎಣಿಸಿಕೊಳ್ಳುತ್ತದೆ. ಈವರೆಗೆ ಬಳಸುತ್ತಿದ್ದ ಬಕೆಟ್ ಇಂಚಿನ ನೂರನೇ ಒಂದು ಭಾಗಕ್ಕೆ ಮಗುಚುವಂಥದ್ದು. ಅಂದರೆ ಒಂದು ಟಿಪ್ ಸರಿಯಾಗಿ ಒಂದು ಸೆಂಟ್. ಎಣಿಕೆಯೇ ಸೆಂಟ್ಸ್ ಆಗಿದ್ದಾಗ ಎರಡಕ್ಕೂ ಒಂದೇ ಹೆಸರು ನಡೆಯುತ್ತಿತ್ತು. ಈಗ ತರಿಸುತ್ತಿರುವ ಬಕೆಟ್ 0.2 ಮಿಲಿಮೀಟರಿಗೆ ಮಗುಚುತ್ತದೆ. ಅದು ನೂರು ಸಲ ಮಗುಚಿದರೆ ಬಿದ್ದ ಮಳೆ 20 ಮಿಲಿಮೀಟರ್, ಹೆಚ್ಚುಕಡಿಮೆ 79 ಸೆಂಟ್ಸ್. ಎಣಿಕೆಯನ್ನೇ ಸೆಂಟ್ಸ್ ಎಂದು ಭಾವಿಸುವ ಕೋಡ್ ಅದನ್ನು ಒಂದು ಇಂಚು ಎಂದು ತೋರಿಸುತ್ತದೆ.

ತೋಟದವರಿಗೆ ಈ 21 ಸೆಂಟ್ಸ್ ಅಂತರ ಸಣ್ಣ ವಿಷಯವಲ್ಲ. ಮಾರ್ಚ್–ಏಪ್ರಿಲ್‌ನ ಹೂಮಳೆ ಒಂದು ಇಂಚಿನ ಆಸುಪಾಸು ಬಿದ್ದರೆ ಮೊಗ್ಗು ಒಡೆದು ಎಂಟು–ಹತ್ತು ದಿನದಲ್ಲಿ ತೋಟ ಬೆಳ್ಳಗಾಗುತ್ತದೆ. ಮಳೆ ಸಾಲದೆ ಬಂದರೆ ರೊಬಸ್ಟಾ ಗಿಡಗಳಿಗೆ ಸ್ಪ್ರಿಂಕ್ಲರ್ ಹಚ್ಚಿ ನೀರು ಪೂರೈಸಬೇಕು, ಅದಕ್ಕೆ ಡೀಸೆಲ್, ಪೈಪು, ಆಳು ಎಲ್ಲವೂ ಬೇಕು. ಆ ತೀರ್ಮಾನವನ್ನು ಸಾಹುಕಾರರು ತೆಗೆದುಕೊಳ್ಳುವುದು ರೈಟರ್ ಬರೆದಿಟ್ಟ ಮಳೆ ಪುಸ್ತಕ ನೋಡಿ. ಈಗ ಆ ಪುಸ್ತಕದ ಪಕ್ಕದಲ್ಲಿ ನಮ್ಮ ಪೆಟ್ಟಿಗೆಯೂ ಕುಳಿತಿದೆ. ಹಾಗಾಗಿ ಹೊಸ ಬಕೆಟ್‌ಗೆ ಪರಿವರ್ತನೆಯ ಲೆಕ್ಕ ಬರೆಯುವ ಮುನ್ನ, ಯಾವ ‘ರೇನ್’ ಯಾವ ಅಳತೆಯದು ಎಂಬುದು ಕೋಡ್ ಓದಿದವರಿಗೆ ಕಣ್ಣಿಗೆ ಕಾಣಲೇಬೇಕು ಎಂದು ನಿರ್ಧರಿಸಿದೆವು.

ಯಾವುದು ಏನಾಗಬೇಕಿತ್ತು ಎಂದರೆ: ‘ಸ್ಯಾಂಪಲ್’ ಸ್ಟ್ರಕ್ಟ್‌ನ ರೇನ್ ಎಣಿಕೆಯಾದ್ದರಿಂದ ‘ರೇನ್_ಟಿಪ್ಸ್’, ‘ಡೇ’ ಸ್ಟ್ರಕ್ಟ್‌ನದು ದಿನದ ಒಟ್ಟು ಸೆಂಟ್ಸ್, ಅದಕ್ಕೆ ‘ರೇನ್_ಸೆಂಟ್ಸ್’, ರೇಡಿಯೊದಲ್ಲಿ ಹೋಗುವ ‘ಪ್ಯಾಕೆಟ್’ ಸ್ಟ್ರಕ್ಟ್‌ನಲ್ಲಿರುವುದು ಮಿಲಿಮೀಟರಿನ ಹತ್ತನೇ ಭಾಗಗಳು, ಅದು ‘ರೇನ್_ಎಂಎಂ10’. ಫೈಲ್‌ಗಳಲ್ಲಿ ಇವೆಲ್ಲ ರೋಮನ್ ಅಕ್ಷರದಲ್ಲಿವೆ. ಇಲ್ಲಿ ಓದುವ ಅನುಕೂಲಕ್ಕೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹುಡುಕಿ ಬದಲಿಸಿದರೆ ಆಗದೇ?

ಆಗುವುದಿಲ್ಲ. ಸೆಡ್ ಎಂಬ ಹುಡುಕಿ-ಬದಲಿಸುವ ಆಜ್ಞೆ ಕೊಟ್ಟು ‘ರೇನ್’ ಎಂದಿರುವ ಕಡೆಯಲ್ಲೆಲ್ಲ ಬೇರೆ ಪದ ಹಾಕಿದರೆ ಮೊದಲು ಕೆಡುವುದು ‘ಡ್ರೇನ್’. ನೀರು ಹೊರಹೋಗುವ ತೂತು ಕಟ್ಟಿಕೊಂಡಿದೆಯೇ ಎಂದು ನೋಡುವ ಫಂಕ್ಷನ್ನಿನ ಹೆಸರಿನ ಬಾಲದಲ್ಲೂ ಅದೇ ನಾಲ್ಕು ರೋಮನ್ ಅಕ್ಷರಗಳಿವೆ. ಪದದ ಗಡಿ ಗುರುತಿಸುವಂತೆ ಹೇಳಿದರೆ ಅಷ್ಟು ಸರಿಹೋಗುತ್ತದೆ, ಆದರೆ ನಿಜವಾದ ತೊಡಕು ಹಾಗೇ ಉಳಿಯುತ್ತದೆ. ‘ಪಿ->ರೇನ್’ ಎಂಬ ತುಣುಕಿನಲ್ಲಿ ಪಿ ಯಾವ ಸ್ಟ್ರಕ್ಟ್‌ನ ಪಾಯಿಂಟರ್ (ವಿಳಾಸ) ಎಂಬುದು ಆ ಸಾಲಿನಲ್ಲಿ ಬರೆದಿಲ್ಲ. ಅದು ಹತ್ತು ಸಾಲು ಮೇಲೆ ಇರಬಹುದು, ಇನ್ನೊಂದು ಹೆಡರ್‌ನಲ್ಲಿ ಇರಬಹುದು. ಅಕ್ಷರ ನೋಡುವ ಸಾಧನಕ್ಕೆ ಅದು ಗೊತ್ತಾಗುವ ದಾರಿಯೇ ಇಲ್ಲ. ಚರಾಂಶದ ವಿಧವನ್ನು (ಟೈಪ್) ಬಲ್ಲ ಸಾಧನವೇ ಬೇಕು.

ಸಿ ಭಾಷೆಯಲ್ಲಿ ಈ ತೊಡಕು ಮೊದಲಿನಿಂದ ಇರಲಿಲ್ಲ ಎಂಬುದು ಕುತೂಹಲದ ಸಂಗತಿ. ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ರೂಪಿಸಿದ 1970ರ ದಶಕದ ಸಿ ಭಾಷೆಯಲ್ಲಿ ಎಲ್ಲ ಸ್ಟ್ರಕ್ಟ್‌ಗಳ ಸದಸ್ಯರ ಹೆಸರುಗಳೂ ಒಂದೇ ರಾಶಿಯಲ್ಲಿದ್ದವು. ಎರಡು ಸ್ಟ್ರಕ್ಟ್‌ಗಳಲ್ಲಿ ಒಂದೇ ಹೆಸರು ಬರಬೇಕಿದ್ದರೆ ಅವುಗಳ ವಿಧವೂ ಸ್ಟ್ರಕ್ಟ್‌ನೊಳಗಿನ ಸ್ಥಾನವೂ ಒಂದೇ ಆಗಿರಬೇಕಿತ್ತು. ಯುನಿಕ್ಸ್‌ನ ಹಳೆಯ ಸ್ಟ್ರಕ್ಟ್‌ಗಳಲ್ಲಿ ‘ಎಸ್‌ಟಿ_ಮೋಡ್’, ‘ಟಿವಿ_ಸೆಕ್’ ಎಂದು ಪ್ರತಿ ಫೀಲ್ಡ್‌ಗೂ ಮುಂದೆ ಒಂದು ಗುರುತು ಅಂಟಿಕೊಂಡಿರುವುದು ಆ ಕಾಲದ ಉಳಿಕೆ. 1989ರ ಆನ್ಸಿ ಪ್ರಮಾಣದ ಹೊತ್ತಿಗೆ ಪ್ರತಿ ಸ್ಟ್ರಕ್ಟ್‌ಗೂ ತನ್ನದೇ ಹೆಸರಿನ ಅಂಗಳ ಸಿಕ್ಕಿತ್ತು. ಆ ಸ್ವಾತಂತ್ರ್ಯ ಒಳ್ಳೆಯದೇ, ಆದರೆ ‘ರೇನ್’ ಮೂರು ಕಡೆ ಮೂರು ಅರ್ಥದಲ್ಲಿ ಕೂರಲು ಅವಕಾಶವಾದದ್ದೂ ಅದರಿಂದಲೇ. ಆ ಹಳೆಯ ಮುಂಗುರುತಿನ ಪದ್ಧತಿಗಿಂತ ಅಳತೆಯನ್ನು ಹೆಸರಿನ ಹಿಂದೆ ಹಚ್ಚುವುದು ನನಗೆ ಹೆಚ್ಚು ಉಪಯುಕ್ತ ಎನಿಸುತ್ತದೆ. ಸ್ಟ್ರಕ್ಟ್ ಯಾವುದು ಎಂಬುದನ್ನು ಕಂಪೈಲರ್ ಹೇಗೂ ಬಲ್ಲದು, ಅಳತೆ ಯಾವುದು ಎಂಬುದನ್ನು ಅದು ಅರಿಯದು.

ಮೊದಲು ಅಳತೆಗೋಲು

ಕೋಡ್ ಮುಟ್ಟುವ ಮುನ್ನ ಮಾಡಿದ ಕೆಲಸವೇ ಇಡೀ ಯೋಜನೆಯ ಬೆನ್ನೆಲುಬು. ಫೀಲ್ಡ್‌ನ ಹೆಸರು ಕಂಪೈಲ್ ಆದ ಮೇಲೆ ಉಳಿಯುವುದಿಲ್ಲ. ಚಿಪ್‌ಗೆ ಹೋಗುವುದು ‘ಸ್ಟ್ರಕ್ಟ್‌ನ ಆರಂಭದಿಂದ ಇಷ್ಟು ಬೈಟ್ ದೂರ’ ಎಂಬ ಸಂಖ್ಯೆ ಮಾತ್ರ. ಆದ್ದರಿಂದ ಹೆಸರು ಬದಲಿಸುವ ಮೊದಲು ಮತ್ತು ನಂತರ ಹೊರಬರುವ ಹೆಕ್ಸ್ ಫೈಲ್ (ಚಿಪ್‌ಗೆ ತುಂಬುವ ಫೈಲ್) ಒಂದೇ ಆಗಿರಬೇಕು. ಬೈಟಿಗೆ ಬೈಟ್ ಹೊಂದಿದರೆ ಬದಲಾವಣೆ ಸರಿ, ಹೊಂದದಿದ್ದರೆ ಎಲ್ಲೋ ಬೇರೇನೋ ಬದಲಾಗಿದೆ. ಸಾಫ್ಟ್‌ವೇರ್ ಕೆಲಸದಲ್ಲಿ ಇಷ್ಟು ಗಟ್ಟಿಯಾದ ಸಾಕ್ಷ್ಯ ಅಪರೂಪಕ್ಕೆ ಸಿಗುತ್ತದೆ. ಸಿಗುವ ಕಡೆ ಬಿಡಬಾರದು.

ಅದಕ್ಕೆ ಮೊದಲು ಒಂದೇ ಕೋಡ್ ಎರಡು ಸಲ ಕಂಪೈಲ್ ಮಾಡಿದಾಗ ಒಂದೇ ಫಲ ಬರುವಂತೆ ಮಾಡಬೇಕು. ನಮ್ಮ ಫರ್ಮ್‌ವೇರ್, ಅಂದರೆ ಚಿಪ್‌ನೊಳಗಿನ ಪ್ರೋಗ್ರಾಂ, ಶುರುವಾಗುವಾಗ ತಾನು ಕಂಪೈಲ್ ಆದ ದಿನಾಂಕ, ಸಮಯ ಮುದ್ರಿಸುತ್ತದೆ. ಅವನ್ನು ಕೊಡುವ ಎರಡು ಮ್ಯಾಕ್ರೋಗಳಿಂದಾಗಿ (ಕಂಪೈಲ್ ಆಗುವ ಮುನ್ನ ಬೇರೆ ಪಠ್ಯವಾಗಿ ಬದಲಾಗುವ ಹೆಸರುಗಳು) ಪ್ರತಿ ಸಲವೂ ಹೆಕ್ಸ್ ಬೇರೆಯಾಗುತ್ತಿತ್ತು. ಜಿಸಿಸಿ ಕಂಪೈಲರ್‌ನ 7ನೇ ಆವೃತ್ತಿಯಿಂದ ಈಚೆಗೆ ‘ಸೋರ್ಸ್_ಡೇಟ್_ಈಪಾಕ್’ ಎಂಬ ಪರಿಸರ ಚರಾಂಶಕ್ಕೆ ಒಂದು ಸಮಯ ಕೊಟ್ಟರೆ ಅದೇ ಸಮಯವನ್ನು ಮುದ್ರಿಸುತ್ತದೆ. ನಮ್ಮದು ಏವಿಆರ್ ಜಿಸಿಸಿ 7.3, ಹಾಗಾಗಿ ಅದು ಸಾಕಾಯಿತು.

ಗೇಟ್‌ವೇ ಪ್ರೋಗ್ರಾಂನಲ್ಲಿ, ಅಂದರೆ ತೋಟದ ಆಫೀಸಿನ ರಾಸ್‌ಬೆರಿ ಪೈ ಮೇಲೆ ಓಡುವ ಲಿನಕ್ಸ್ ಪ್ರೋಗ್ರಾಂನಲ್ಲಿ, ಇನ್ನೊಂದು ಸೂಕ್ಷ್ಮವಿದೆ. ‘ಅಸರ್ಟ್’ ಎಂಬ ಮ್ಯಾಕ್ರೋ ತನ್ನೊಳಗೆ ಬರೆದ ಷರತ್ತನ್ನು ಅಕ್ಷರರೂಪದಲ್ಲೇ ಬೈನರಿಯೊಳಗೆ ಇಡುತ್ತದೆ, ತಪ್ಪಿದಾಗ ತೋರಿಸಲು. ‘ಅಸರ್ಟ್(ಡಿ->ರೇನ್ < 2000)’ ಎಂದು ಬರೆದಿದ್ದರೆ ಹೆಸರು ಬದಲಾದ ಕೂಡಲೇ ಬೈನರಿಯೂ ಬದಲಾಗುತ್ತದೆ. ಹೋಲಿಕೆಗೆಂದು ಮಾಡುವ ಬಿಲ್ಡ್‌ನಲ್ಲಿ ‘ಎನ್‌ಡೀಬಗ್’ ಕೊಟ್ಟು ಅಸರ್ಟ್‌ಗಳನ್ನು ಆರಿಸಿದೆ, ಡೀಬಗ್ ಮಾಹಿತಿಯನ್ನೂ ಕೈಬಿಟ್ಟೆ. ಆಮೇಲೆ ಮುಟ್ಟದ ಕೋಡ್ ಅನ್ನೇ ಎರಡು ಸಲ ಬೇರೆಬೇರೆಯಾಗಿ ಬಿಲ್ಡ್ ಮಾಡಿ ಶಾ-256 ಮೊತ್ತ (ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಹೋಲಿಸಿದೆ. ಹೊಂದಿದ ಮೇಲೆಯೇ ಮುಂದಿನ ಹೆಜ್ಜೆ.

ಸೆಮ್ಯಾಂಟಿಕ್ ಪ್ಯಾಚ್

ಎಡಿಟರ್‌ನೊಳಗಿನ ಕ್ಲ್ಯಾಂಗ್‌ಡಿ ಕೂಡ ಫೀಲ್ಡ್ ಹೆಸರು ಬದಲಿಸಿಕೊಡುತ್ತದೆ, ಸಣ್ಣ ಪ್ರಾಜೆಕ್ಟ್‌ಗೆ ಅದೇ ಸಾಕು. ಆದರೆ ಅದು ನೋಡುವುದು ಪ್ರಿಪ್ರೊಸೆಸರ್ (ಮ್ಯಾಕ್ರೋ ಬಿಡಿಸಿ, ಬೇಡದ ಭಾಗ ತೆಗೆಯುವ ಮೊದಲ ಹಂತ) ದಾಟಿ ಬಂದ ಕೋಡ್. ನಮ್ಮ ಫರ್ಮ್‌ವೇರ್ ಎರಡು ಬಗೆಯಲ್ಲಿ ಕಟ್ಟಲ್ಪಡುತ್ತದೆ. ಮೊಬೈಲ್ ಸಿಗ್ನಲ್ ಇರುವ ತೋಟಕ್ಕೆ ಎಸ್ಸೆಮ್ಮೆಸ್ ಕಳಿಸುವ ಬಗೆ, ಕಣಿವೆಯೊಳಗಿನ ತೋಟಕ್ಕೆ 865–867 ಮೆಗಾಹರ್ಟ್ಸ್‌ನ ಲೋರಾ ರೇಡಿಯೊ ಬಗೆ. ಎರಡೂ ಒಂದೇ ಫೈಲ್‌ನಲ್ಲಿ ‘ಇಫ್‌ಡೆಫ್’ ಗೋಡೆಯ ಆಚೀಚೆ ಇವೆ. ಒಂದು ಬಗೆಯ ಬಿಲ್ಡ್ ತೆರೆದಾಗ ಇನ್ನೊಂದು ಕ್ಲ್ಯಾಂಗ್‌ಡಿಗೆ ಕಾಣುವುದೇ ಇಲ್ಲ.

ಕಾಕ್ಸಿನೆಲ್ ಎಂಬ ಸಾಧನ ಆ ಗೋಡೆಯ ಎರಡೂ ಬದಿ ನೋಡುತ್ತದೆ. ಲಿನಕ್ಸ್ ಕರ್ನಲ್‌ನ ಡ್ರೈವರ್‌ಗಳನ್ನು ಸಾಮೂಹಿಕವಾಗಿ ತಿದ್ದಲು ಜೂಲಿಯಾ ಲಾವಲ್ ಮತ್ತು ಸಂಗಡಿಗರು ಬೆಳೆಸಿದ ಸಾಧನ ಇದು. ಫ್ರಾನ್ಸಿನ ಇನ್ರಿಯಾ ಸಂಸ್ಥೆ ಇದರ ತವರು. ಕರ್ನಲ್‌ನ ಕೋಡ್‌ನೊಳಗೇ ಇದರ ನಿಯಮಗಳಿಗೆಂದು ಒಂದು ಫೋಲ್ಡರ್ ಇದೆ. ಪ್ರಿಪ್ರೊಸೆಸರ್ ಓಡಿಸದೆ, ನಾವು ಬರೆದ ಕೋಡ್ ಅನ್ನು ಬರೆದ ಹಾಗೇ ಓದಿ ವಿಧಗಳನ್ನು ಲೆಕ್ಕ ಹಾಕುತ್ತದೆ. ನಿಯಮವನ್ನು ಪ್ಯಾಚ್‌ನ ರೂಪದಲ್ಲೇ ಬರೆಯಬೇಕು:

@@
ಸ್ಟ್ರಕ್ಟ್ ಡೇ *ಪಿ;
@@
- ಪಿ->ರೇನ್
+ ಪಿ->ರೇನ್_ಸೆಂಟ್ಸ್

ಮೇಲಿನ ಭಾಗದ ‘ಪಿ’ ಒಂದು ನಿರ್ದಿಷ್ಟ ಚರಾಂಶ ಅಲ್ಲ. ‘ಡೇ ಸ್ಟ್ರಕ್ಟ್‌ನ ಪಾಯಿಂಟರ್ ಆಗಿರುವ ಯಾವುದೇ ಉಕ್ತಿ’ ಎಂದು ಅದರ ಅರ್ಥ. ಕೋಡ್‌ನಲ್ಲಿ ಅದು ‘ಇಂದು’ ಎಂಬ ಹೆಸರಿನದ್ದಾಗಲಿ, ಫಂಕ್ಷನ್ ಹಿಂದಿರುಗಿಸಿದ ಪಾಯಿಂಟರ್ ಆಗಲಿ, ಆರೇಯ (ಸಾಲುಪಟ್ಟಿಯ) ಒಂದು ಅಂಶದ ವಿಳಾಸವಾಗಲಿ, ವಿಧ ಹೊಂದಿದರೆ ಸಾಕು. ಚುಕ್ಕೆ ಹಾಕಿ ಬಳಸುವ ಕಡೆಗೆ ಇಂಥದ್ದೇ ಇನ್ನೊಂದು ನಿಯಮ, ಟೈಪ್‌ಡೆಫ್ ಮೂಲಕ ‘ಡೇ_ಟಿ’ ಎಂದು ಘೋಷಿಸಿದ ಕಡೆಗೆ ಮತ್ತೆರಡು. ಮೂರು ಸ್ಟ್ರಕ್ಟ್‌ಗಳಿಗೂ ಹೀಗೆ ಬರೆದರೂ ಇಡೀ ನಿಯಮದ ಫೈಲ್ ಒಂದು ಪುಟ ದಾಟುವುದಿಲ್ಲ.

ಇದನ್ನು ಬಳಸುವವರು ಒಂದು ವಿಷಯದಲ್ಲಿ ಎಚ್ಚರದಿಂದಿರಬೇಕು. ವಿಧ ಗೊತ್ತಾಗದ ಕಡೆ ಕಾಕ್ಸಿನೆಲ್ ದೂರು ಹೇಳುವುದಿಲ್ಲ, ಸುಮ್ಮನೆ ದಾಟಿಹೋಗುತ್ತದೆ. ಸ್ಟ್ರಕ್ಟ್‌ಗಳ ಘೋಷಣೆ ಹೆಡರ್‌ನ ಒಳಗಿನ ಹೆಡರ್‌ನಲ್ಲಿದ್ದರೆ ‘ರಿಕರ್ಸಿವ್ ಇನ್‌ಕ್ಲೂಡ್ಸ್’ ಆಯ್ಕೆ ಕೊಟ್ಟು ಅಲ್ಲಿಯವರೆಗೆ ಇಳಿಯಲು ಹೇಳಬೇಕು. ಹಾಗೆಯೇ ಏವಿಆರ್‌ನ ‘ಅಟಾಮಿಕ್ ಬ್ಲಾಕ್’ನಂಥ ಮ್ಯಾಕ್ರೋಗಳು. ಎಂಟು ಬಿಟ್‌ನ ಚಿಪ್ 16 ಬಿಟ್‌ನ ಎಣಿಕೆಯನ್ನು ಎರಡು ಕಂತಿನಲ್ಲಿ ಓದುತ್ತದೆ. ಆ ನಡುವೆ ಬಕೆಟ್ ಮಗುಚಿ ಇಂಟರಪ್ಟ್ ಬಂದರೆ ಅರ್ಧ ಹಳೆಯದು ಅರ್ಧ ಹೊಸದು ಸೇರಿದ ಸಂಖ್ಯೆ ಸಿಗಬಹುದು. ಅದನ್ನು ತಡೆಯಲು ಓದುವ ಕಡೆಯಲ್ಲೆಲ್ಲ ಈ ಮ್ಯಾಕ್ರೋ ಇದೆ. ಸಿ ವ್ಯಾಕರಣಕ್ಕೆ ಒಗ್ಗದ ಇಂಥ ರೂಪ ಎದುರಾಗಿ ಅರ್ಥವಾಗದೆ ಹೋದರೆ ಕಾಕ್ಸಿನೆಲ್ ಆ ಫಂಕ್ಷನ್ನನ್ನೇ ಬಿಟ್ಟುಬಿಡುತ್ತದೆ. ಅದಕ್ಕೇ ನಿಯಮ ಓಡಿಸುವ ಮೊದಲು ‘ಪಾರ್ಸ್-ಸಿ’ ಆಯ್ಕೆಯಲ್ಲಿ ಪ್ರತಿ ಫೈಲ್ ಓದಿಸಿ, ಎಲ್ಲಿ ತಡವರಿಸುತ್ತದೆ ಎಂದು ನೋಡಿ, ಅಂಥ ಮ್ಯಾಕ್ರೋಗಳ ಸರಳ ರೂಪವನ್ನು ಒಂದು ಮ್ಯಾಕ್ರೋ ಫೈಲ್‌ನಲ್ಲಿ ಬರೆದುಕೊಟ್ಟೆ. ಉದ್ದವಾದ ಸಾಲನ್ನು ಮುರಿದು ಎರಡು ಮಾಡುವ ಅಭ್ಯಾಸವೂ ಅದಕ್ಕಿದೆ. ಸಾಲಿನ ಸಂಖ್ಯೆ ಬದಲಾದರೆ ದೋಷ ಸಂದೇಶಗಳಲ್ಲಿ ಬಳಸುವ ‘ಲೈನ್’ ಮ್ಯಾಕ್ರೋ ಬದಲಾಗಿ ಹೆಕ್ಸ್ ಹೋಲಿಕೆ ಕೆಡುತ್ತದೆ. ‘ಮ್ಯಾಕ್ಸ್-ವಿಡ್ತ್’ಗೆ ದೊಡ್ಡ ಸಂಖ್ಯೆ ಕೊಟ್ಟು ಅದನ್ನು ತಡೆದೆ.

ಮೊದಲ ಓಟದಲ್ಲಿ ಫೈಲ್‌ಗಳನ್ನು ಮುಟ್ಟಲು ಬಿಡದೆ ವ್ಯತ್ಯಾಸವನ್ನಷ್ಟೇ ಮುದ್ರಿಸಿಕೊಂಡು ಓದಿದೆ. ಲೋರಾ ಬದಿಯಲ್ಲೂ ಎಸ್ಸೆಮ್ಮೆಸ್ ಬದಿಯಲ್ಲೂ ಸರಿಯಾದ ‘ರೇನ್’ಗೆ ಸರಿಯಾದ ಹೆಸರು ಬಂದಿತ್ತು, ‘ಡ್ರೇನ್’ ಹಾಗೇ ಇತ್ತು, ‘ರೇನ್’ ಎಂಬ ಸ್ಥಳೀಯ ಚರಾಂಶಗಳನ್ನೂ ಮುಟ್ಟಿರಲಿಲ್ಲ.

ಕಂಪೈಲರ್ ಬೀಸಿದ ಎರಡನೇ ಬಲೆ

ಇನ್ನು ಸ್ಟ್ರಕ್ಟ್‌ನ ಘೋಷಣೆ. ಇಲ್ಲಿ ಸೆಡ್‌ಗೆ ನ್ಯಾಯವಾದ ಕೆಲಸವಿದೆ: ‘ಸ್ಟ್ರಕ್ಟ್ ಡೇ’ ಶುರುವಾಗುವ ಸಾಲಿನಿಂದ ಮುಚ್ಚುವ ಆವರಣದವರೆಗೆ ಮಾತ್ರ ‘ರೇನ್’ ಬದಲಿಸು ಎಂದರೆ ಅಷ್ಟೇ ಮಾಡುತ್ತದೆ. ಘೋಷಣೆಯಲ್ಲಿ ಹಳೆಯ ಹೆಸರು ಹೋದ ಮೇಲೆ, ಎಲ್ಲಿ ಹಳೆಯ ಬಳಕೆ ಉಳಿದಿದೆಯೋ ಅಲ್ಲೆಲ್ಲ ಕಂಪೈಲರ್ ತಡೆಯುತ್ತದೆ. ಕರ್ನಲ್‌ನವರು 2023ರಲ್ಲಿ ಐನೋಡ್‌ನ ‘ಐ_ಸಿಟೈಮ್’ ಫೀಲ್ಡ್‌ಗೆ ಮಾಡಿದ್ದೂ ಇದೇ. ಬಳಕೆಗಳನ್ನೆಲ್ಲ ಫಂಕ್ಷನ್‌ಗಳಿಗೆ ವರ್ಗಾಯಿಸಿ, ಕೊನೆಗೆ ಫೀಲ್ಡ್‌ನ ಮುಂದೆ ಎರಡು ಅಡಿಗೆರೆ ಸೇರಿಸಿ ಹೆಸರು ಬದಲಿಸಿದರು. ಆಮೇಲೆ ನೇರವಾಗಿ ಮುಟ್ಟುವ ಹಳೆಯ ಕೋಡ್ ಯಾವುದೂ ಕಂಪೈಲ್ ಆಗುವಂತಿರಲಿಲ್ಲ.

ಈ ದೋಷಗಳನ್ನು ಓದಿ ತಾನೇ ತಿದ್ದುವ ಒಂದು ಪುಟ್ಟ ಪೈಥಾನ್ ಸ್ಕ್ರಿಪ್ಟ್ ಬರೆದೆ. ‘ಡೇ ಸ್ಟ್ರಕ್ಟ್‌ನಲ್ಲಿ ರೇನ್ ಎಂಬ ಸದಸ್ಯ ಇಲ್ಲ’ ಎಂಬ ಸಂದೇಶದ ಜೊತೆ ಜಿಸಿಸಿ ಫೈಲ್, ಸಾಲು, ಕಂಬದ ಸಂಖ್ಯೆ (ಸಾಲಿನಲ್ಲಿ ಎಷ್ಟನೆಯ ಸ್ಥಾನ) ಕೊಡುತ್ತದೆ. ಕಂಬ ತೋರಿಸುವುದು ಬಾಣದ ಅಥವಾ ಚುಕ್ಕೆಯ ಸ್ಥಾನವನ್ನು. ಸ್ಕ್ರಿಪ್ಟ್ ಅಲ್ಲಿಗೆ ಹೋಗಿ, ನಿಜವಾಗಿ ಬಾಣವೋ ಚುಕ್ಕೆಯೋ ಇದೆಯೇ, ಅದರ ಮುಂದೆ ಹಳೆಯ ಹೆಸರೇ ಇದೆಯೇ ಎಂದು ನೋಡಿ ಬದಲಿಸುತ್ತದೆ. ಇಲ್ಲದಿದ್ದರೆ ಮುಟ್ಟದೆ ಪಟ್ಟಿಗೆ ಸೇರಿಸುತ್ತದೆ. ಒಂದೇ ಸಾಲಿನಲ್ಲಿ ಎರಡು ಇದ್ದರೆ ಬಲಗಡೆಯದನ್ನು ಮೊದಲು ಬದಲಿಸಬೇಕು, ಇಲ್ಲವಾದರೆ ಎಡಗಡೆ ಉದ್ದವಾದ ಹೆಸರು ಬಲಗಡೆಯ ಸ್ಥಾನವನ್ನು ಜರುಗಿಸಿಬಿಡುತ್ತದೆ.

ಕನ್ನಡದಲ್ಲಿ ಟಿಪ್ಪಣಿ ಬರೆಯುವವರು ಗಮನಿಸಬೇಕಾದ ಮಾತು ಒಂದಿದೆ. ನಮ್ಮ ಕೋಡ್‌ನಲ್ಲಿ ಎಷ್ಟೋ ಸಾಲುಗಳು ಹೀಗಿವೆ:

/* ನಿನ್ನೆಯ ಮಳೆ */ ಒಟ್ಟು += ಡಿ->ರೇನ್;

ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಗುಣಿತದ ಚಿಹ್ನೆಗಳೂ ತಲಾ ಮೂರು ಬೈಟ್, ಒತ್ತಾದರೆ ಹಲಂತ ಮತ್ತು ವ್ಯಂಜನ ಎಂಬ ಎರಡು ಸಂಕೇತ ಸೇರಿ ಆರು. ‘ಮಳೆ’ ಎಂಬಲ್ಲಿ ಕಣ್ಣಿಗೆ ಕಾಣುವುದು ಎರಡು ಅಕ್ಷರ, ಒಳಗಿರುವುದು ಮ, ಳ, ಎತ್ವ ಎಂಬ ಮೂರು ಸಂಕೇತ, ಒಟ್ಟು ಒಂಬತ್ತು ಬೈಟ್. ಹಾಗಾದರೆ ಬಾಣ ಎಷ್ಟನೆಯ ಕಂಬದಲ್ಲಿದೆ? ನಮ್ಮ ಏವಿಆರ್ ಜಿಸಿಸಿ 7.3 ಬೈಟ್ ಎಣಿಸಿ ಹೇಳುತ್ತದೆ. ಗೇಟ್‌ವೇಗೆ ಬಳಸುವ ಹೊಸ ಜಿಸಿಸಿ, ಅಂದರೆ 11ರಿಂದ ಈಚಿನದು, ಪರದೆಯ ಮೇಲೆ ಅಕ್ಷರ ಹಿಡಿಯುವ ಜಾಗ ಎಣಿಸಿ ಹೇಳುತ್ತದೆ. ಟ್ಯಾಬ್ ಇದ್ದರೆ ಅದನ್ನೂ ಹಿಗ್ಗಿಸಿ ಎಣಿಸುತ್ತದೆ. ಒಂದೇ ಸಾಲಿಗೆ ಇಬ್ಬರು ಎರಡು ಸಂಖ್ಯೆ ಹೇಳುತ್ತಾರೆ. ಹೊಸದಕ್ಕೆ ಕಂಬದ ಅಳತೆ ಬೈಟ್‌ನಲ್ಲಿರಲಿ ಎಂಬ ಆಯ್ಕೆ ಕೊಟ್ಟೆ (ಹಳೆಯದಕ್ಕೆ ಆ ಆಯ್ಕೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ). ಪೈಥಾನ್‌ನಲ್ಲಿ ಫೈಲ್‌ಗಳನ್ನು ಅಕ್ಷರವಾಗಿ ತೆರೆಯದೆ ಬೈಟ್‌ಗಳಾಗಿಯೇ ತೆರೆದೆ. ಕನ್ನಡದ ಟಿಪ್ಪಣಿಗಳನ್ನು ತೆಗೆದುಹಾಕಿ ಎಂದು ಸಲಹೆ ಕೊಡುವವರಿದ್ದಾರೆ, ನಾನು ಒಪ್ಪುವುದಿಲ್ಲ. ‘ಬ್ಯಾಕಿಂಗ್ ಮಳೆ ಬಂದಿದೆಯೇ ನೋಡು’ ಎಂಬ ಟಿಪ್ಪಣಿ (ಹೂಮಳೆಯ ನಂತರ ಬೇಕಾಗುವ ಮಳೆಗೆ ತೋಟದವರ ಹೆಸರು ಅದು) ಈ ಕೆಲಸದಲ್ಲಿರುವ ಎಲ್ಲರಿಗೂ ಒಂದೇ ಓದಿಗೆ ಅರ್ಥವಾಗುತ್ತದೆ. ಸಾಧನವೇ ನಮ್ಮ ಬರವಣಿಗೆಗೆ ಹೊಂದಿಕೊಳ್ಳಲಿ.

ಎಲ್ಲ ಬಗೆಯ ಬಿಲ್ಡ್‌ಗಳನ್ನೂ, ಪರೀಕ್ಷೆಯ ಬಿಲ್ಡ್ ಸೇರಿಸಿ, ಒಂದಾದ ಮೇಲೊಂದು ಹೀಗೆ ಓಡಿಸಿದಾಗ ಕಾಕ್ಸಿನೆಲ್ ಬಿಟ್ಟಿದ್ದ ಕೆಲವು ಕಡೆ ಸಿಕ್ಕಿಬಿದ್ದವು. ಹೆಚ್ಚಿನವು ಪರೀಕ್ಷೆಯ ದತ್ತಾಂಶದಲ್ಲಿದ್ದ ‘.ರೇನ್ = 0’ ರೀತಿಯ ಆರಂಭಿಕ ಬೆಲೆಗಳು. ಒಂದು ಕಡೆ, ಫೀಲ್ಡ್ ಎಷ್ಟು ಬೈಟ್ ದೂರದಲ್ಲಿದೆ ಎಂದು ಹೇಳುವ ‘ಆಫ್‌ಸೆಟ್ಆಫ್’ ಇತ್ತು. ಅದು ಮ್ಯಾಕ್ರೋ ಆದ್ದರಿಂದ ಸ್ಕ್ರಿಪ್ಟ್ ಮುಟ್ಟದೆ ಪಟ್ಟಿಗೆ ಸೇರಿಸಿತ್ತು.

ಹೊರಗಿನವರು ನೋಡುವ ಹೆಸರು

ನಿಜವಾಗಿ ಯೋಚನೆಗೆ ಹಚ್ಚಿದ್ದು ಎಕ್ಸ್-ಮ್ಯಾಕ್ರೋ ಪಟ್ಟಿ. ‘ಡೇ’ ಸ್ಟ್ರಕ್ಟ್‌ನ ಫೀಲ್ಡ್‌ಗಳನ್ನೆಲ್ಲ ಒಂದು ಮ್ಯಾಕ್ರೋದಲ್ಲಿ ಸಾಲಾಗಿ ಬರೆದು, ಅದರಿಂದಲೇ ಸಿಎಸ್‌ವಿ ಫೈಲ್‌ನ ತಲೆಸಾಲು ತಯಾರಾಗುತ್ತದೆ. ಫೀಲ್ಡ್‌ನ ಹೆಸರನ್ನು ಪ್ರಿಪ್ರೊಸೆಸರ್ ಪಠ್ಯವಾಗಿ ಮಾರ್ಪಡಿಸಿ ಅಂಕಣದ ಹೆಸರಾಗಿ ಇಡುತ್ತದೆ. ಅಂದರೆ ಇಲ್ಲಿ ಹೆಸರು ಬರೀ ಹೆಸರಲ್ಲ, ತೋಟದ ಆಫೀಸಿನವರು ತೆರೆಯುವ ಎಕ್ಸೆಲ್ ಹಾಳೆಯ ಅಂಕಣವೂ ಹೌದು. ಆ ಹಾಳೆಗಳ ಸೂತ್ರಗಳು ‘ರೇನ್’ ಎಂಬ ಅಂಕಣವನ್ನೇ ಹುಡುಕುತ್ತವೆ. ಒಳಗಿನ ಹೆಸರು ನಮ್ಮದು, ಹೇಗೆ ಬೇಕಾದರೂ ಇಟ್ಟುಕೊಳ್ಳಬಹುದು. ಹೊರಗಿನ ಹೆಸರನ್ನು ಹೇಳದೆ ಕೇಳದೆ ಬದಲಿಸಿದರೆ ಯಾರದೋ ಲೆಕ್ಕದ ಪುಸ್ತಕ ಖಾಲಿ ಕಾಣುತ್ತದೆ.

ಇದಕ್ಕೆ ಹೆಸರು ಬದಲಿಸುವ ಮುನ್ನವೇ ಪ್ರತ್ಯೇಕ ಕಮಿಟ್ (ಗಿಟ್‌ನಲ್ಲಿ ದಾಖಲಿಸುವ ಒಂದು ಬದಲಾವಣೆ) ಒಂದನ್ನು ಕೈಯಿಂದ ಮಾಡಿದೆ. ಪಟ್ಟಿಯ ಪ್ರತಿ ಸಾಲಿನಲ್ಲಿ ಫೀಲ್ಡ್‌ನ ಹೆಸರಿನ ಜೊತೆ ಅಂಕಣದ ಹೆಸರನ್ನೂ ಉದ್ಧರಣ ಚಿಹ್ನೆಯೊಳಗೆ ಬೇರೆಯಾಗಿ ಬರೆದೆ. ಹಳೆಯ ಹೆಸರೇ ಇದ್ದುದರಿಂದ ಬೈನರಿ ಬದಲಾಗಲಿಲ್ಲ, ಅದನ್ನೂ ಹೋಲಿಸಿ ನೋಡಿದೆ. ಆಮೇಲೆ ಫೀಲ್ಡ್‌ನ ಹೆಸರು ‘ರೇನ್_ಸೆಂಟ್ಸ್’ ಆದರೂ ಅಂಕಣ ‘ರೇನ್’ ಆಗಿಯೇ ಉಳಿಯುತ್ತದೆ. ಪಟ್ಟಿಯ ಆ ಸಾಲು, ಆಫ್‌ಸೆಟ್ಆಫ್‌ನ ಸಾಲು, ಇಂಥವಕ್ಕೆ ಒಂದೊಂದು ನಿಖರವಾದ ಸೆಡ್ ಆಜ್ಞೆಯನ್ನು ಮುಖ್ಯ ಸ್ಕ್ರಿಪ್ಟ್‌ಗೇ ಸೇರಿಸಿದೆ.

ಈಗ ಸ್ಕ್ರಿಪ್ಟ್ ಪೂರ್ತಿಯಾಯಿತು: ಕಾಕ್ಸಿನೆಲ್, ಘೋಷಣೆ, ಮ್ಯಾಕ್ರೋ ಸಾಲುಗಳು, ಕೊನೆಗೆ ಕಂಪೈಲರ್ ದೋಷ ತಿದ್ದುವಿಕೆ. ತಾಜಾ ಪ್ರತಿಯ ಮೇಲೆ ಅದನ್ನು ಓಡಿಸಿ, ಎಲ್ಲ ಬಿಲ್ಡ್‌ಗಳನ್ನೂ ಕಟ್ಟಿ, ಮೊತ್ತಗಳನ್ನು ಹೋಲಿಸಿದೆ. ಎಸ್ಸೆಮ್ಮೆಸ್ ಬಗೆಯ ಹೆಕ್ಸ್ ಹೊಂದಿತು, ಲೋರಾ ಬಗೆಯ ಹೆಕ್ಸ್ ಹೊಂದಿತು, ಗೇಟ್‌ವೇ ಹೊಂದಿತು. ಕೊಟ್ಟಿಗೆಹಾರ, ಆಲ್ದೂರು, ಬಾಳೆಹೊನ್ನೂರು ಕಡೆಯ ತೋಟಗಳಲ್ಲಿ ಕಂಬಕ್ಕೆ ಕಟ್ಟಿರುವ ಪೆಟ್ಟಿಗೆಗಳನ್ನು ಬಿಚ್ಚಿ ಮತ್ತೆ ಪ್ರೋಗ್ರಾಂ ತುಂಬುವ ಅಗತ್ಯವೇ ಇಲ್ಲ ಎಂಬುದು ಈ ಹೋಲಿಕೆಯಿಂದಲೇ ಖಾತ್ರಿಯಾಯಿತು. ಅವು ಕಳಿಸುವ ಪ್ಯಾಕೆಟ್‌ನ ರಚನೆ ಮೊದಲಿನಂತೆಯೇ ಇದೆ.

ಹೆಸರು ಬದಲಾದ ಮೇಲೆ ಕಂಡದ್ದು

ಮುಖ್ಯ ಲೂಪ್‌ನಲ್ಲಿ ಮೊದಲು ‘ಡಿ->ರೇನ್ += ಎಸ್->ರೇನ್’ ಎಂದಿದ್ದ ಸಾಲು ಈಗ ಹೀಗೆ ಓದುತ್ತದೆ:

ಡಿ->ರೇನ್_ಸೆಂಟ್ಸ್ += ಎಸ್->ರೇನ್_ಟಿಪ್ಸ್;

ಸೆಂಟ್ಸ್‌ಗೆ ಟಿಪ್ಸ್ ಕೂಡುತ್ತಿದ್ದೇವೆ ಎಂದು ಸಾಲೇ ಹೇಳುತ್ತದೆ. ಹೊಸ ಬಕೆಟ್‌ಗೆ ತಿದ್ದಬೇಕಾದ ಜಾಗ ಇದೊಂದೇ. ಸೆಂಟ್ಸ್‌ನಿಂದ ಮಿಲಿಮೀಟರಿನ ಹತ್ತನೇ ಭಾಗಗಳಿಗೆ ಹೋಗುವ ಕಡೆ 254ರಿಂದ ಗುಣಿಸಿ 100ರಿಂದ ಭಾಗಿಸುವ ಲೆಕ್ಕ ಮೊದಲೇ ಸರಿಯಾಗಿತ್ತು. ಬಕೆಟ್‌ನ ಅಳತೆಯನ್ನು ಮೈಕ್ರೋಮೀಟರಿನಲ್ಲಿ ಸೆಟ್ಟಿಂಗ್‌ಗೆ ಸೇರಿಸಿದೆವು, ಹಳೆಯದಕ್ಕೆ 254, ಹೊಸದಕ್ಕೆ 200. ಟಿಪ್ಸ್ ಅನ್ನು ಅದರಿಂದ ಗುಣಿಸಿ 254ರಿಂದ ಭಾಗಿಸಿದರೆ ಸೆಂಟ್ಸ್. ಭಾಗಿಸಿ ಉಳಿದ ಶೇಷವನ್ನು ಎಸೆಯದೆ ಮುಂದಿನ ಸಲಕ್ಕೆ ಒಯ್ಯಬೇಕು, ಇಲ್ಲವಾದರೆ ಜಿಟಿಜಿಟಿ ಮಳೆಯ ದಿನ ಒಂದೊಂದೇ ಟಿಪ್ ಬಂದಾಗ ಪ್ರತಿ ಸಲವೂ ಸೊನ್ನೆಯೇ ಸಿಗುತ್ತದೆ.

ಗುಣಾಕಾರದಲ್ಲೂ ಹುಷಾರಾಗಿರಬೇಕು. ಏವಿಆರ್‌ನಲ್ಲಿ ಪೂರ್ಣಾಂಕ 16 ಬಿಟ್, ಚಿಹ್ನೆಯಿಲ್ಲದೆ ಗರಿಷ್ಠ 65,535. 328 ಟಿಪ್‌ಗಳನ್ನು 200ರಿಂದ ಗುಣಿಸಿದರೆ 65,600. ಅಂದರೆ 65.6 ಮಿಲಿಮೀಟರ್ ಮಳೆಗೆ ಲೆಕ್ಕ ಉಕ್ಕಿ ಮತ್ತೆ ಸೊನ್ನೆಯ ಹತ್ತಿರದಿಂದ ಶುರುವಾಗುತ್ತದೆ. ಜುಲೈನಲ್ಲಿ ಮೂಡಿಗೆರೆ ಕಡೆ ಒಂದೇ ದಿನ ಅಷ್ಟು ಬೀಳುವುದು ವಿಶೇಷವೇನಲ್ಲ. ಲಾಗರ್ ಕೆಲಕಾಲ ಓದದೆ ಎಣಿಕೆ ಗುಡ್ಡೆಯಾದರೂ ತೊಂದರೆಯಾಗದಂತೆ ಗುಣಿಸುವ ಮೊದಲೇ 32 ಬಿಟ್‌ಗೆ ಏರಿಸಿದೆವು.

ಬೆಂಚ್ ಮೇಲೆ ಹೊಸ ಬಕೆಟ್ ಕೂರಿಸಿ ನೀರು ಹಾಕಿ ನೋಡಿದೆವು. 200 ಮಿಲಿಮೀಟರ್ ವ್ಯಾಸದ ಆಲಿಕೆಗೆ ಒಂದು ಮಿಲಿಮೀಟರ್ ಮಳೆ ಎಂದರೆ 31.4 ಮಿಲಿಲೀಟರ್ ನೀರು. 314 ಮಿಲಿಲೀಟರ್ ಅಳೆದು ಸಲೈನ್ ಡ್ರಿಪ್ ನಳಿಕೆಯಿಂದ ಹನಿಹನಿಯಾಗಿ ಬಿಟ್ಟರೆ 50 ಟಿಪ್, 10 ಮಿಲಿಮೀಟರ್, 39 ಸೆಂಟ್ಸ್ ತೋರಿಸಬೇಕು. ಜೋರಾಗಿ ಸುರಿಯಬಾರದು, ಬಕೆಟ್ ಮಗುಚುವ ಹೊತ್ತಿನಲ್ಲಿ ಬಿದ್ದ ನೀರು ಎಣಿಕೆಗೆ ಸಿಗದೆ ಕಡಿಮೆ ತೋರಿಸುತ್ತದೆ. ಪರದೆಯ ಮೇಲೆ 39 ಬಂತು.

ಹಾಸನದಲ್ಲಿ ಕುಳಿತು ಗೇಟ್‌ವೇಯ ಕೆಲಸ ಮಾಡುವ ಹುಡುಗನದು ಇನ್ನೊಂದು ಪ್ರಶ್ನೆ ಇತ್ತು. “ಅಣ್ಣ, ನನ್ನ ಬ್ರಾಂಚ್‌ನಲ್ಲಿ ಎಲ್ಲ ಕಡೆ ಹಳೆಯ ಹೆಸರೇ ಇದೆ. ಮರ್ಜ್ ಮಾಡಿದರೆ ಸಾಲುಸಾಲಿಗೂ ಜಗಳ ಬರುವುದಿಲ್ಲವೇ?”

“ಮರ್ಜ್ ಮಾಡಬೇಡ ಮಾರಾಯ, ಸ್ಕ್ರಿಪ್ಟ್ ಓಡಿಸು” ಎಂದೆ.

ಇಡೀ ಕೆಲಸವನ್ನು ಸ್ಕ್ರಿಪ್ಟ್‌ನಿಂದಲೇ ಮಾಡಿಸಿದ್ದರ ದೊಡ್ಡ ಲಾಭ ಇದು. ಹೆಸರು ಬದಲಿಸಿದ ಕಮಿಟ್‌ನಲ್ಲಿ ಕೈಯಿಂದ ತಿದ್ದಿದ್ದು ಏನೂ ಇಲ್ಲ. ಅದರ ಹಿಂದಿನ ಕಮಿಟ್ ಮೇಲೆ ಸ್ಕ್ರಿಪ್ಟ್ ಓಡಿಸಿದರೆ ಅದೇ ಸಿಗುತ್ತದೆ. ಆದ್ದರಿಂದ ಅವನು ತನ್ನ ಬ್ರಾಂಚ್ ಅನ್ನು ಆ ಹಿಂದಿನ ಕಮಿಟ್‌ವರೆಗೆ ಮಾತ್ರ ತಂದುಕೊಂಡು, ಅದರ ಮೇಲೆ ಅದೇ ಸ್ಕ್ರಿಪ್ಟ್ ಓಡಿಸಿ ಕಮಿಟ್ ಮಾಡಿ, ಆಮೇಲೆ ಹೆಸರು ಬದಲಿಸಿದ ಕಮಿಟ್ ಅನ್ನು ಗಿಟ್‌ನ ‘ಅವರ್ಸ್’ ತಂತ್ರದಲ್ಲಿ ಸೇರಿಸಿಕೊಂಡರೆ ಆಯಿತು. ಅವನು ಹೊಸದಾಗಿ ಬರೆದ ಸಾಲುಗಳಲ್ಲೂ ಹೆಸರು ಬದಲಾಗಿರುತ್ತದೆ, ಜಗಳಕ್ಕೆ ಆಸ್ಪದವೇ ಇರುವುದಿಲ್ಲ. ‘ಅವರ್ಸ್’ ಎಂದರೆ ಆ ಕಡೆಯ ಬದಲಾವಣೆಯನ್ನು ನೋಡದೆ ನಮ್ಮದನ್ನೇ ಇಟ್ಟುಕೊಳ್ಳುವ ತಂತ್ರ. ಸ್ಕ್ರಿಪ್ಟ್‌ನ ಫಲವಲ್ಲದ ಬೇರೆ ಯಾವ ಕಮಿಟ್‌ಗೂ ಇದನ್ನು ಬಳಸಕೂಡದು. ಸಾಲುಗಳನ್ನು ಚೊಕ್ಕ ಮಾಡುವ ಕೆಲಸವನ್ನೂ ಅದಕ್ಕೇ ಬೇರೆ ಕಮಿಟ್‌ಗೆ ಇಟ್ಟೆವು. ಈ ಎರಡೂ ಕಮಿಟ್‌ಗಳ ಗುರುತನ್ನು ಗಿಟ್ ಬ್ಲೇಮ್ ಕಡೆಗಣಿಸುವ ಪಟ್ಟಿಗೆ ಸೇರಿಸಿದ್ದೇವೆ, ಗಿಟ್ 2.23ರಿಂದ ಆ ಸೌಲಭ್ಯ ಇದೆ. ಒಂದು ಸಾಲನ್ನು ನಿಜವಾಗಿ ಬರೆದವರು ಯಾರು ಎಂದು ಹುಡುಕಿದಾಗ ಹೆಸರು ಬದಲಿಸಿದ ಕಮಿಟ್ ಅಡ್ಡ ಬರುವುದಿಲ್ಲ.

ಸ್ಕ್ರಿಪ್ಟ್ ಮತ್ತು ನಿಯಮದ ಫೈಲ್ ಈಗ ಕೋಡ್‌ನ ಜೊತೆಗೇ ‘ಟೂಲ್ಸ್’ ಫೋಲ್ಡರ್‌ನಲ್ಲಿವೆ. ಮುಂದಿನ ಸರದಿ ‘ಟೆಂಪ್’ ಫೀಲ್ಡ್‌ನದು. ಅದು ಒಂದು ಸ್ಟ್ರಕ್ಟ್‌ನಲ್ಲಿ ಸೆಲ್ಸಿಯಸ್‌ನ ಹತ್ತನೇ ಭಾಗ, ಇನ್ನೊಂದರಲ್ಲಿ ಸೆನ್ಸರ್ ಕೊಟ್ಟ ಕಚ್ಚಾ ಸಂಖ್ಯೆ. ಹೆಡರ್‌ನಲ್ಲಿ ಆ ಎರಡಕ್ಕೂ ಹೊಸ ಹೆಸರು ಗೊತ್ತುಮಾಡಿ, ನಿಯಮದ ಫೈಲ್‌ಗೆ ಸಾಲುಗಳನ್ನು ಸೇರಿಸುವ ಕೆಲಸವನ್ನು ಹಾಸನದ ಹುಡುಗನೇ ವಹಿಸಿಕೊಂಡಿದ್ದಾನೆ.